‘ಕ್ಯಾಸಿನೊ’ ಚಿತ್ರದ ಕಳ್ಳತನ ಮೇಜಿನ ಮೇಲೆ ನಡೆಯುವುದಲ್ಲ

ಮಾರ್ಟಿನ್ ಸ್ಕಾರ್ಸೆಸಿ ನಿರ್ದೇಶನದ, ಜೂಜುಕಟ್ಟೆಯೊಂದರ ಕಥೆ ಹೇಳುವ 1995ರ ‘ಕ್ಯಾಸಿನೊ’ ಚಿತ್ರದ ಬಗ್ಗೆ ಕಳೆದ ಸಂಚಿಕೆಯಲ್ಲಿ ಬರೆದಿದ್ದೆ. ಪಣಜಿಯಲ್ಲಿ ಮಾಂಡೋವಿ ನದಿಯ ಕ್ಯಾಸಿನೊ ಹಡಗೊಂದರಲ್ಲಿ ನಾನು ಮೊದಲು ಕಾರ್ಡ್ ಹಂಚುವ ಡೀಲರ್ ಆಗಿ, ಆಮೇಲೆ ಮೇಜುಗಳ ಮೇಲ್ವಿಚಾರಕಿಯಾಗಿ ದುಡಿದಿದ್ದೇನೆ ಎಂದು ಅದರಲ್ಲಿ ಹೇಳಿದ್ದೆ. ಬಂದ ಪತ್ರಗಳಲ್ಲಿ ಕೆಲವಕ್ಕೆ ಇಲ್ಲಿ ಉತ್ತರ.

ಚಿತ್ರದಲ್ಲಿ ಎಲ್ಲರೂ ಎಲ್ಲರ ಮೇಲೆ ಕಣ್ಣಿಟ್ಟಿರುತ್ತಾರೆ. ನಿಜವಾಗಿಯೂ ಅಷ್ಟೊಂದು ಕಾವಲು ಇರುತ್ತದೆಯೆ?
*— ಓದುಗರು, ಫೋಂಡಾ*

ಇರುತ್ತದೆ. ಆಟಗಾರನ ಮೇಲೆ ಡೀಲರ್ ಕಣ್ಣು, ಡೀಲರ್ ಮೇಲೆ ಮೇಲ್ವಿಚಾರಕರ ಕಣ್ಣು, ಅವರ ಮೇಲೆ ಮೇಜುಗಳ ಗುಂಪಿಗೆ ಮುಖ್ಯಸ್ಥನಾದ ಪಿಟ್ ಬಾಸ್, ಅವನ ಮೇಲೆ ಇಡೀ ಪಾಳಿಯ ಮುಖ್ಯಸ್ಥ ಶಿಫ್ಟ್ ಬಾಸ್, ಎಲ್ಲರ ಮೇಲೂ ಚಾವಣಿಯ ಕ್ಯಾಮೆರಾ. ನಮ್ಮಲ್ಲೂ ಇದೇ ಕ್ರಮ. ಮೇಜು ಬಿಟ್ಟು ಏಳುವ ಮುಂಚೆ ಎರಡೂ ಕೈ ತಟ್ಟಿ, ಅಂಗೈ ಮುಂಗೈ ತಿರುಗಿಸಿ ಕ್ಯಾಮೆರಾಕ್ಕೆ ತೋರಿಸಬೇಕಿತ್ತು. ಕಿವಿಯೋಲೆ ಸರಿಮಾಡಿಕೊಂಡರೂ ಅಷ್ಟೇ, ಮತ್ತೆ ಕೈ ತೋರಿಸಬೇಕು. ನಮ್ಮ ಸಮವಸ್ತ್ರಕ್ಕೆ ಜೇಬೇ ಇರಲಿಲ್ಲ. ಗಿರಾಕಿ ಕೊಟ್ಟ ನೋಟನ್ನು ಮೇಜಿನ ಮೇಲೆ ಒಂದೊಂದಾಗಿ ಹರಡಿ, ಮೊತ್ತವನ್ನು ಗಟ್ಟಿಯಾಗಿ ಕೂಗಿ, ಹಣದ ಬದಲು ಆಡುವ ಬಿಲ್ಲೆಗಳಾದ ಚಿಪ್ಸ್ ಕೊಟ್ಟು, ಆಮೇಲೆ ಚಪ್ಪಟೆ ಹಲಗೆಯಿಂದ ನೋಟುಗಳನ್ನು ಸೀಳಿನೊಳಗೆ ತಳ್ಳುತ್ತೇವೆ. ಕೆಳಗಿನ ಬೀಗದ ಪೆಟ್ಟಿಗೆಗೆ ಬಿದ್ದ ಹಣವನ್ನು ಆ ಮೇಜಿನವರು ಮತ್ತೆ ಮುಟ್ಟುವ ಹಾಗಿಲ್ಲ.

ಹಾಗಾಗಿ ಚಿತ್ರದ ಕೊಲೆಗಳಿಗಿಂತ ನನ್ನನ್ನು ಹಿಡಿದು ಕೂರಿಸಿದ್ದು ಬೇರೆ ದೃಶ್ಯ. ಸ್ಲಾಟ್ ಯಂತ್ರಗಳಲ್ಲಿ ಒಂದರ ಹಿಂದೊಂದರಂತೆ ಮೂರು ದೊಡ್ಡ ಜಾಕ್‌ಪಾಟ್ ಹೊಡೆಯುತ್ತವೆ. ರಾಬರ್ಟ್ ಡಿ ನಿರೊ ಮಾಡಿದ, ಆ ಕ್ಯಾಸಿನೊ ನಡೆಸುವ ಸ್ಯಾಮ್ ರಾತ್‌ಸ್ಟೀನ್, ಯಂತ್ರಗಳನ್ನು ನೋಡಿಕೊಳ್ಳುವವನನ್ನು ಎದುರು ನಿಲ್ಲಿಸಿಕೊಳ್ಳುತ್ತಾನೆ. ಮೋಸ ಗೊತ್ತಾಗದಿದ್ದರೆ ದಡ್ಡ, ಗೊತ್ತಿದ್ದರೆ ಪಾಲುದಾರ, ಎರಡರಲ್ಲಿ ಯಾವುದಾದರೂ ಕೆಲಸ ಹೋದ ಹಾಗೆಯೇ. ಹೊರಬಿದ್ದವನು ಸ್ಥಳೀಯ ಅಧಿಕಾರಸ್ಥನ ನಂಟ. ಅವನನ್ನು ವಾಪಸ್ ಸೇರಿಸಿಕೋ ಎಂದು ಆ ಅಧಿಕಾರಸ್ಥನೇ ಬಂದು ಕೇಳಿಕೊಂಡರೂ ರಾತ್‌ಸ್ಟೀನ್ ಜಗ್ಗುವುದಿಲ್ಲ, ಕೊನೆಗೆ ರಾತ್‌ಸ್ಟೀನನ ಕ್ಯಾಸಿನೊ ಲೈಸೆನ್ಸಿಗೇ ಕುತ್ತು ಬರುತ್ತದೆ. ಮೇಲಿನವರ ಶಿಫಾರಸಿನಿಂದ ಬಂದವರ ತಪ್ಪನ್ನು ಎತ್ತಿ ಹೇಳುವುದು ಎಷ್ಟು ಕಷ್ಟವೆಂದು ಮೇಲ್ವಿಚಾರಕಿಯಾಗಿ ನಾನು ಉಂಡಿದ್ದೇನೆ. ರಾತ್‌ಸ್ಟೀನ್ ಕೆಟ್ಟವನಿರಬಹುದು, ಆ ಒಂದು ದೃಶ್ಯದಲ್ಲಿ ನಾನು ಅವನ ಪರ.

ಕಾರ್ಡ್ ಎಣಿಸುವುದು, ಲೆಕ್ಕಾಚಾರ ಹಾಕುವುದು ಕಲಿತರೆ ಗೆಲ್ಲಬಹುದಲ್ಲವೆ? ಕ್ಯಾಸಿನೊದವರು ಸೋಲಿಸಲು ಮೋಸ ಮಾಡುತ್ತಾರೆಯೆ?
*— ಕಾಲೇಜು ವಿದ್ಯಾರ್ಥಿ, ಹುಬ್ಬಳ್ಳಿ*

ತಮ್ಮಾ, ಅವರಿಗೆ ಮೋಸ ಮಾಡುವ ಅಗತ್ಯವೇ ಇಲ್ಲ. ರೂಲೆಟ್ ಎಂದರೆ ಅಂಕೆ ಬರೆದ ಮನೆಗಳ ಚಕ್ರದಲ್ಲಿ ಚೆಂಡು ಉರುಳಿಸುವ ಆಟ. ಒಂದೇ ಸೊನ್ನೆಯ ರೂಲೆಟ್ ಚಕ್ರದಲ್ಲಿ 37 ಮನೆ. ಎಲ್ಲ ಮನೆಗೂ ನೂರು ನೂರು ರೂಪಾಯಿ ಇಟ್ಟೆ ಅನ್ನು, 3,700 ಆಯಿತು. ಚೆಂಡು ಯಾವ ಮನೆಯಲ್ಲಿ ನಿಂತರೂ ಒಂದಕ್ಕೆ 35ರಂತೆ ಕೊಟ್ಟು, ನಿನ್ನ ನೂರನ್ನೂ ಮರಳಿಸುತ್ತಾರೆ. ಕೈಗೆ ಬಂದದ್ದು 3,600. ಆ ನೂರು ಪ್ರತಿ ಸುತ್ತಿನಲ್ಲೂ ಹೋಗುತ್ತಲೇ ಇರುತ್ತದೆ. ಎರಡು ಸೊನ್ನೆಯ ಅಮೆರಿಕದ ಚಕ್ರದಲ್ಲಿ 38 ಮನೆ, ಕೊಡುವುದು ಮಾತ್ರ ಅಷ್ಟೇ. ಯಾವ ಲೆಕ್ಕಾಚಾರವೂ ಆ ಹೆಚ್ಚಿನ ಮನೆಯನ್ನು ಅಳಿಸುವುದಿಲ್ಲ. ಬ್ಲ್ಯಾಕ್‌ಜಾಕ್ ಎಂಬ ಇಸ್ಪೀಟಾಟದಲ್ಲಿ ಹೊರಬಿದ್ದ ಕಾರ್ಡ್ ಎಣಿಸಲು ಬರುತ್ತದೆ, ಒಪ್ಪುತ್ತೇನೆ. ಎಣಿಸುವವನನ್ನು ಗುರುತಿಸುವುದೇ ನಮ್ಮ ಉದ್ಯೋಗವಾಗಿತ್ತು.

ಚಿತ್ರದಲ್ಲಿ ಜಪಾನಿನ ಶ್ರೀಮಂತನೊಬ್ಬ ಬಕಾರಾ ಎಂಬ ಇಸ್ಪೀಟಾಟದಲ್ಲಿ ಭಾರಿ ಗೆದ್ದು ಹೊರಡುತ್ತಾನೆ. ವಿಮಾನ ಕೆಟ್ಟಿದೆ ಎಂದು ನೆಪ ಹೇಳಿಸಿ ಅವನನ್ನು ಮರಳಿ ಕರೆತರುತ್ತಾರೆ. ಬೇಸರ ಕಳೆಯಲು ಸಣ್ಣದಾಗಿ ಶುರುಮಾಡಿದವನು ಗೆದ್ದದ್ದರ ಜತೆಗೆ ಸ್ವಂತದ್ದನ್ನೂ ಕಳೆದುಕೊಳ್ಳುತ್ತಾನೆ. ಶನಿವಾರ ರಾತ್ರಿ ಹುಬ್ಬಳ್ಳಿ, ಬೆಳಗಾವಿಯ ಹುಡುಗರು ಅಂದರ್ ಬಾಹರ್ ಮೇಜಿಗೆ ಮುಗಿಬೀಳುತ್ತಿದ್ದರು. ಗೆದ್ದಾಗ ದಡಕ್ಕೆ ಹೋಗುವ ದೋಣಿ ಹತ್ತಿದವರನ್ನು ನಾನು ಕಂಡದ್ದು ತೀರಾ ಕಡಿಮೆ. ನಿನ್ನ ವಯಸ್ಸಿನವರು ಕನ್ನಡದಲ್ಲಿ ‘ಅಕ್ಕಾ, ಇದೊಂದ ಕೈ’ ಅಂದಾಗ ಹೊಟ್ಟೆಯಲ್ಲಿ ಸಂಕಟವಾಗುತ್ತಿತ್ತು, ಬಾಯಿ ಬಿಡುವಂತಿರಲಿಲ್ಲ. ಈಗ ಬಿಡುತ್ತಿದ್ದೇನೆ. ಬರಬೇಡ.

ಹಾಗಾದರೆ ಚಿತ್ರದಲ್ಲಿ ಅಪರಾಧ ನಡೆಯುವುದು ಎಲ್ಲಿ?
*— ಓದುಗರು, ಮಡಗಾಂವ್*

ಮೇಜಿನ ಪೆಟ್ಟಿಗೆಗಳ ಹಣ ಎಣಿಸುವ ಕೋಣೆಯಲ್ಲಿ. ಸೂಟ್‌ಕೇಸ್ ಹಿಡಿದವನೊಬ್ಬ ಒಳಗೆ ಬಂದು, ಲೆಕ್ಕಕ್ಕೆ ಸೇರುವ ಮೊದಲೇ ನೋಟಿನ ಕಂತೆ ತುಂಬಿಕೊಂಡು, ಯಾರ ಮುಖವನ್ನೂ ನೋಡದೆ ಹೊರಡುತ್ತಾನೆ. ಎಣಿಸುವವರು ಬೇರೆ ಕಡೆ ತಿರುಗಿರುತ್ತಾರೆ. ಡೀಲರನ ಅಂಗೈವರೆಗೂ ಕ್ಯಾಮೆರಾ ಇಟ್ಟ ಕಟ್ಟಡದಲ್ಲಿ ಈ ಕೋಣೆಯವರಿಗೆ ಕಾವಲಿಲ್ಲ. ಕಥೆಗೆ ಆಧಾರ ಲಾಸ್ ವೇಗಸ್‌ನ ಸ್ಟಾರ್‌ಡಸ್ಟ್ ಕ್ಯಾಸಿನೊ ಮತ್ತು ಅದನ್ನು ನಡೆಸಿದ ಫ್ರ್ಯಾಂಕ್ ರೋಸೆಂತಾಲ್. ಚಿತ್ರದ ಹಾಗೆಯೇ 1982ರಲ್ಲಿ ಅವನ ಕಾರಿಗೆ ಬಾಂಬ್ ಇಟ್ಟದ್ದೂ ನಿಜ, ಸೀಟಿನ ಕೆಳಗಿನ ಲೋಹದ ತಗಡಿನಿಂದ ಅವನು ಉಳಿದದ್ದೂ ನಿಜ.

ಅಕ್ಕಾರ, ನಿಮ್ಮ ಲೇಖನ ಓದಿ ಮಗ ಆ ಪಿಕ್ಚರ್ ಹಚ್ಚಿ ತೋರಿಸಿದ. ಡೀಲರ್ ಕೆಲಸಕ್ಕ ಹೊಂಟಾನ. ನನಗ ಹೆದರಿಕಿ ಆಗೇತಿ. ಕಳಿಸಬೇಕೋ ಬ್ಯಾಡೋ?
*— ತಾಯಿಯೊಬ್ಬರು, ಜುವಾರಿನಗರ*

ಅಕ್ಕಾರ, ಚಿತ್ರದಲ್ಲಿ ಮೋಸಗಾರನ ಕೈ ಜಜ್ಜುವ ಆ ಸುತ್ತಿಗೆ, ಆ ಬಾಂಬು ನೋಡಿ ಹೆದರಬೇಡಿ. ಗೋವಾದವರು ಕ್ಯಾಸಿನೊಗೆ ಹೋಗಿ ಆಡುವುದನ್ನು ಸರ್ಕಾರ 2020ರ ಫೆಬ್ರುವರಿಯಿಂದ ನಿಲ್ಲಿಸಿದೆ, ಒಳಗೆ ಕೆಲಸ ಮಾಡುವುದಕ್ಕೆ ಅಡ್ಡಿಯಿಲ್ಲ. ಹೆದರಬೇಕಾದದ್ದು ರಾತ್ರಿಪಾಳಿಗೆ. ವರ್ಷಗಟ್ಟಲೆ ಹಗಲು ನಿದ್ದೆ, ಮುಂಜಾವಿಗೆ ಊಟ, ಮೈಗೆಲ್ಲ ಸಿಗರೇಟಿನ ವಾಸನೆ. ನನ್ನ ಬೆನ್ನುನೋವು ಅಲ್ಲಿಂದಲೇ ಬಂದದ್ದು.

ಅದಕ್ಕಿಂತ ಮೊದಲು ಒಂದು ವಿಚಾರಿಸಿ. ಮಗನಿಗೆ ಮೊಬೈಲಿನಲ್ಲಿ ದುಡ್ಡು ಹಚ್ಚಿ ಆಡುವ ಚಟ ಇದೆಯೆ? ಇದ್ದರೆ ಖಂಡಿತ ಕಳಿಸಬೇಡಿ. ಇಲ್ಲದಿದ್ದರೆ ಹೋಗಲಿ. ಗಿರಾಕಿಗಳ ಹತ್ತಿರ ಸಾಲ ತೆಗೆದುಕೊಳ್ಳುವುದು, ಡ್ಯೂಟಿ ಮುಗಿದ ಮೇಲೆ ಅವರ ಜತೆ ಕೂತು ಕುಡಿಯುವುದು, ಇವೆರಡು ಬೇಡವೆಂದು ಬಿಗಿಯಾಗಿ ಹೇಳಿ. ನೇಮಕದ ಪತ್ರ, ಪಿಎಫ್ ನಂಬರು ಕೈಗೆ ಬರಲಿ. ತರಬೇತಿ ಕೊಟ್ಟು ಕೆಲಸ ಕೊಡಿಸುತ್ತೇವೆ ಅಂತ ಹೊರಗಿನವರು ಯಾರಾದರೂ ದುಡ್ಡು ಕೇಳಿದರೆ ಒಂದು ರೂಪಾಯಿಯನ್ನೂ ಕೊಡಬೇಡಿ. ನನಗೆ ಕಾರ್ಡ್ ಹಂಚುವುದನ್ನು ಹಡಗಿನವರೇ ಕಲಿಸಿದರು, ಕಲಿಯುವಾಗಲೂ ಸಂಬಳ ಕೊಟ್ಟರು.