ನಿಮ್ಮ ಲೇಖನದ ಜೀವ ಏಳನೆಯ ಪುಟದಲ್ಲಿದೆ

ಪ್ರಿಯ ಮಿತ್ರರೇ,

‘ವರ್ಷದ ಶ್ರೇಷ್ಠ ಫುಟ್ಬಾಲಿಗ’ ಎಂಬ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲಾರೆ. ಹಾಗೆಂದು ಕೈಬಿಡಲೂ ಮನಸ್ಸಿಲ್ಲ.

ಎಂಟು ಪುಟಗಳಲ್ಲಿ ಆರು ಪುಟ, ವರ್ಷದ ಶ್ರೇಷ್ಠ ಫುಟ್ಬಾಲಿಗನಿಗೆ ಕೊಡುವ ಬ್ಯಾಲನ್ ಡಿ’ಓರ್ ಪ್ರಶಸ್ತಿಯ ವಿಜೇತರ ಪಟ್ಟಿಗೇ ಹೋಗಿದೆ. ಯಾವ ವರ್ಷ ಯಾರು, ಯಾವ ಕ್ಲಬ್, ಎಷ್ಟು ಗೋಲು ಎಂಬುದನ್ನು ಓದುಗರು ಮೊಬೈಲ್‌ನಲ್ಲೇ ನೋಡಿಕೊಳ್ಳುತ್ತಾರೆ. ಆ ಹೆಸರನ್ನು ಆರಿಸಿದವರು ಯಾರು, ಯಾವ ನಿಯಮದಂತೆ, ಯಾವ ತಾರೀಖಿನೊಳಗೆ? ಇದನ್ನು ನೀವು ಕೇಳಿಯೇ ಇಲ್ಲ.

ಕೇಳದಿದ್ದುದರಿಂದ ತಪ್ಪೂ ನುಸುಳಿದೆ. ‘ಪೆಲೆಯನ್ನು ಒಮ್ಮೆಯೂ ಆರಿಸದ ಪತ್ರಕರ್ತರಿಗೆ ಕಣ್ಣಿರಲಿಲ್ಲ’ ಎಂದು ಬರೆದಿದ್ದೀರಿ. ಕಣ್ಣಿತ್ತು, ಅಧಿಕಾರವಿರಲಿಲ್ಲ. ಫ್ರಾನ್ಸ್ ಫುಟ್ಬಾಲ್ ಪತ್ರಿಕೆ 1956ರಲ್ಲಿ ಆರಂಭಿಸಿದ ಈ ಪ್ರಶಸ್ತಿ ಯುರೋಪಿನ ಆಟಗಾರರಿಗೆ ಮಾತ್ರ ಮೀಸಲಾಗಿತ್ತು; ಪೆಲೆ ಬ್ರೆಜಿಲ್‌ನವರು. ಆ ಬೇಲಿ ತೆರೆದದ್ದು 1995ರಲ್ಲಿ. ಅದೇ ವರ್ಷ ಲೈಬೀರಿಯಾದ ಜಾರ್ಜ್ ವಿಯಾ ಗೆದ್ದರು. ಆಗಲೂ ಯುರೋಪಿನ ಕ್ಲಬ್ಬಿಗೆ ಆಡುತ್ತಿರಬೇಕೆಂಬ ಷರತ್ತಿತ್ತು, ಅದು ಹೋದದ್ದು 2007ರಲ್ಲಿ. ಮುಂದೆ ಅದೇ ಪತ್ರಿಕೆ ಹಳೆಯ ವರ್ಷಗಳನ್ನು ಮತ್ತೆ ತೂಗಿ ನೋಡಿ, ನಿಯಮ ಅಡ್ಡ ಬರದಿದ್ದರೆ ಪೆಲೆಗೆ ಏಳು ಸಲ ಸಲ್ಲುತ್ತಿತ್ತು ಎಂದು ಬರೆಯಿತು. ಸತ್ತುಹೋದ ಜಗಳವೊಂದನ್ನು ಪತ್ರಿಕೆ ತಾನಾಗಿ ಎಬ್ಬಿಸಿ ಪ್ರಾಮಾಣಿಕವಾಗಿ ಉತ್ತರ ಕೊಟ್ಟದ್ದು ನನಗೆ ಬಹಳ ಇಷ್ಟವಾದ ಸಂಗತಿ. ನಿಮ್ಮ ಲೇಖನದಲ್ಲಿ ಅದರ ಸುಳಿವಿಲ್ಲ.

ಮೊದಲ ವಿಜೇತ ಸ್ಟ್ಯಾನ್ಲಿ ಮ್ಯಾಥ್ಯೂಸ್ ಅವರನ್ನು ನೀವು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಅಲ್ಲಿ ನಿಲ್ಲಬೇಕಿತ್ತು. ಆಗ ಅವರಿಗೆ 41 ವರ್ಷ. ಅವರಿಗೆ 47 ಅಂಕ, ಎರಡನೆಯವರಾದ ಡಿ ಸ್ಟೆಫಾನೊ ಅವರಿಗೆ 44. ಡಿ ಸ್ಟೆಫಾನೊ ಅವರ ರಿಯಲ್ ಮ್ಯಾಡ್ರಿಡ್ ಆ ವರ್ಷ ಮೊತ್ತಮೊದಲ ಯುರೋಪಿಯನ್ ಕಪ್ ಎತ್ತಿತ್ತು; ಮ್ಯಾಥ್ಯೂಸ್ ಆಡುತ್ತಿದ್ದ ಬ್ಲ್ಯಾಕ್‌ಪೂಲ್ ಬರಿಗೈಯಲ್ಲಿತ್ತು. ಆ ಮೂರು ಅಂಕಗಳಲ್ಲಿ ಒಂದು ವರ್ಷದ ಆಟಕ್ಕಿಂತ ಒಂದು ಬಾಳಿನ ಆಟಕ್ಕೆ ಸಂದ ಗೌರವ ನನಗೆ ಕಾಣುತ್ತದೆ. 2022ರಲ್ಲಿ ಆಟಗಾರನ ಒಟ್ಟು ವೃತ್ತಿಜೀವನವನ್ನು ಪರಿಗಣಿಸುವ ಅಂಶವನ್ನೇ ನಿಯಮದಿಂದ ತೆಗೆದುಹಾಕಿದರು. ಕ್ಯಾಲೆಂಡರ್ ವರ್ಷದ ಬದಲು ಫುಟ್ಬಾಲ್ ಋತುವನ್ನು ಲೆಕ್ಕಕ್ಕೆ ಹಿಡಿದರು. ಪ್ರಶಸ್ತಿಯ ಹೆಸರು ಅದೇ, ಅಳೆಯುವ ಕೊಳಗ ಬೇರೆ. ಅಂದಮೇಲೆ 1956ರ ವಿಜೇತರನ್ನೂ ಇಂದಿನವರನ್ನೂ ಒಂದೇ ಪಟ್ಟಿಯಲ್ಲಿಟ್ಟು ಯಾರು ದೊಡ್ಡವರೆಂದು ನೀವು ತೀರ್ಪು ಕೊಡುವುದು ಹೇಗೆ?

ಆರಿಸುವ ಕೈ ಬದಲಾದರೂ ಫಲ ಬದಲಾಗುತ್ತದೆ. 2010ರಿಂದ 2015ರವರೆಗೆ ಈ ಪ್ರಶಸ್ತಿ ಫಿಫಾ ಪ್ರಶಸ್ತಿಯೊಂದಿಗೆ ಬೆರೆತು, ಪತ್ರಕರ್ತರ ಜೊತೆಗೆ ರಾಷ್ಟ್ರೀಯ ತಂಡಗಳ ನಾಯಕರೂ ತರಬೇತುದಾರರೂ ಮತ ಹಾಕಿದರು. ಮೊದಲ ವರ್ಷವೇ ಪತ್ರಕರ್ತರ ಮತಗಳಲ್ಲಿ ಮುಂದಿದ್ದ ವೆಸ್ಲಿ ಸ್ನೈಡರ್ ಒಟ್ಟು ಲೆಕ್ಕದಲ್ಲಿ ನಾಲ್ಕನೆಯವರಾದರು, ಮೆಸ್ಸಿ ಗೆದ್ದರು. 2013ರಲ್ಲಿ ಮತದಾನದ ಗಡುವನ್ನು ನವೆಂಬರ್ 15ರಿಂದ 29ಕ್ಕೆ ಮುಂದೂಡಿದರು. ನಡುವೆ, 19ರಂದು, ರೊನಾಲ್ಡೊ ಸ್ವೀಡನ್ ವಿರುದ್ಧ ಹ್ಯಾಟ್ರಿಕ್ ಬಾರಿಸಿದರು, ಪ್ರಶಸ್ತಿಯನ್ನೂ ಪಡೆದರು. ಮೂರು ಕಪ್ ಗೆದ್ದ ಬಯರ್ನ್ ಮ್ಯೂನಿಕ್ ತಂಡದಲ್ಲಿದ್ದ ರಿಬೆರಿ ಮೂರನೆಯವರಾದರು. ಇದನ್ನು ಮೋಸವೆಂದು ಬರೆಯಬೇಡಿ, ಆಧಾರವಿಲ್ಲ. ತಾರೀಖುಗಳನ್ನು ಸಾಲಾಗಿ ಇಟ್ಟುಬಿಡಿ, ಓದುಗರು ಯೋಚಿಸುತ್ತಾರೆ. ಫಿಫಾ ಈಗ ಬೇರೆಯಾಗಿ ಕೊಡುವ ಪ್ರಶಸ್ತಿಗೆ, ಭಾರತ ತಂಡದ ನಾಯಕರಾಗಿದ್ದಾಗ ಸುನಿಲ್ ಛೆಟ್ರಿ ಅವರೂ ಮತ ಹಾಕಿದವರು. ನಮ್ಮ ಓದುಗರಿಗೆ ಇದನ್ನು ಹೇಳದೆ ಬಿಡಬಾರದು.

ಇನ್ನು ನಿಮ್ಮ ಏಳನೆಯ ಪುಟ. ಕೊಡಗಿನ ಸುಂಟಿಕೊಪ್ಪದ ಕಡೆಯ ಒಂದು ಪಂದ್ಯಾವಳಿಯ ಕೊನೆಯ ದಿನವನ್ನು ನಾಲ್ಕೇ ಸಾಲಿನಲ್ಲಿ ಬರೆದಿದ್ದೀರಿ. ಮಧ್ಯಾಹ್ನ ಸುರಿದ ಮಳೆಗೆ ಗೋಲಿನ ಮುಂದೆ ನೀರು ನಿಂತಿದೆ, ಚೆಂಡು ಅಲ್ಲಿಗೆ ಬಂದು ಉರುಳದೆ ಕೂರುತ್ತದೆ. ಒಬ್ಬ ರಕ್ಷಣಾ ಆಟಗಾರ ಮೊಣಕಾಲುದ್ದ ಕೆಸರಿನಲ್ಲಿ ಅದನ್ನು ಮತ್ತೆ ಮತ್ತೆ ಹೊರಗೆ ಒದೆಯುತ್ತಾನೆ. ಶಾಮಿಯಾನದ ಕೆಳಗೆ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕುಳಿತ ಮೂವರು ಹಿರಿಯರು ಒಂದು ಚೀಟಿಯ ಮೇಲೆ ಬರೆದ ಹೆಸರನ್ನು ಹೊಡೆದು ಇನ್ನೊಂದನ್ನು ಬರೆಯುತ್ತಾರೆ. ಉತ್ತಮ ಆಟಗಾರನ ಟ್ರೋಫಿ ಎರಡು ಗೋಲು ಹೊಡೆದವನ ಪಾಲಾಗುತ್ತದೆ. ನೀವು ಅಲ್ಲಿಂದ ನೇರವಾಗಿ ಮೆಸ್ಸಿಯ ಬಳಿಗೆ ಹಾರಿದ್ದೀರಿ.

ಆ ಚೀಟಿಯಲ್ಲಿ ಹೊಡೆದುಹಾಕಿದ ಹೆಸರು ಯಾರದು? ಬದಲಾಯಿಸಿದ್ದು ಏಕೆ? ಬ್ಯಾಲನ್ ಡಿ’ಓರ್ ಇತಿಹಾಸದಲ್ಲಿ ಗೆದ್ದ ಗೋಲ್‌ಕೀಪರ್ ಒಬ್ಬರೇ, 1963ರಲ್ಲಿ ಲೆವ್ ಯಾಶಿನ್. ಗೋಲು ಹೊಡೆದದ್ದು ಎಲ್ಲರಿಗೂ ಕಾಣುತ್ತದೆ, ಗೋಲು ಆಗದಂತೆ ತಡೆದದ್ದು ಸಂಜೆಯ ಹೊತ್ತಿಗೆ ಮರೆತುಹೋಗಿರುತ್ತದೆ. ಬ್ಯಾಲನ್ ಡಿ’ಓರ್ ಕೊಡುವ ಪ್ಯಾರಿಸ್ಸಿನಲ್ಲಿ ಆಗುವುದೇ ನಿಮ್ಮ ಮೈದಾನದಲ್ಲೂ ಆಗಿದೆ, ಅದನ್ನು ಕಣ್ಣಾರೆ ಕಂಡವರು ನೀವು.

ಹಾಗಾಗಿ ಲೇಖನವನ್ನು ಆ ಶಾಮಿಯಾನದಿಂದ ಆರಂಭಿಸಿ. ಪಟ್ಟಿಯನ್ನು ಪೂರ್ತಿ ತೆಗೆಯಿರಿ. ‘ಕಾಲ್ಚೆಂಡಿನ ಮಾಂತ್ರಿಕ’ ಎಂಬ ಮಾತು ಒಂಬತ್ತು ಕಡೆ ಬಂದಿದೆ, ಒಂದು ಕಡೆಯೂ ಬೇಡ. ಆ ಮೂವರು ಹಿರಿಯರನ್ನು ಅವರವರ ಮನೆಗೆ ಹೋಗಿ ಕಾಣಿ. ದೂರು ಒಯ್ದವರಂತೆ ಅಲ್ಲ, ಕಲಿಯಲು ಬಂದವರಂತೆ ಕೇಳಿ. ಕೆಸರಿನಲ್ಲಿ ನಿಂತಿದ್ದ ಆ ಹುಡುಗನನ್ನೂ ಮಾತನಾಡಿಸಿ. ಹುತ್ತರಿ ಸಂಚಿಕೆಯಲ್ಲಿ ನಿಮಗಾಗಿ ಮೂರು ಪುಟ ಬಿಟ್ಟಿದ್ದೇನೆ.

ನಿಮ್ಮವ,
ಸಂಪಾದಕ