ಜಾಯಿಕಾಯಿ ತೇಯುವ ಸುತ್ತು, ಅದಕ್ಕೆ ಅಳತೆ ಎಲ್ಲಿದೆ?

ಪ್ರಶ್ನೆ: ನಮಸ್ಕಾರ ಮೇಡಂ. ನನ್ನ ಮಗನಿಗೆ ನಾಲ್ಕು ತಿಂಗಳು. ರಾತ್ರಿ ತುಂಬಾ ಅಳುತ್ತಾನೆ. ಅತ್ತೆಯವರು ಜಾಯಿಕಾಯಿಯನ್ನು ಕಲ್ಲಿನ ಮೇಲೆ ಎರಡು ಸುತ್ತು ತೇಯ್ದು, ಎದೆಹಾಲಿನಲ್ಲಿ ಕಲಸಿ ನೆಕ್ಕಿಸುತ್ತಾರೆ. ಆಮೇಲೆ ಚೆನ್ನಾಗಿ ಮಲಗುತ್ತಾನೆ. ಇದು ಸರಿಯಾ? ಗಸಗಸೆ ಪಾಯಸ ಕುಡಿದರೆ ನನಗೂ ಕಣ್ಣು ಎಳೆಯುತ್ತದೆ, ಯಾಕೆ? ನಮ್ಮ ಯಜಮಾನರು ದುಬೈಯಲ್ಲಿದ್ದಾರೆ. ಅವರಿಗೂ ಒಂದು ಪೊಟ್ಟಣ ಗಸಗಸೆ ಕಳಿಸೋಣ ಅಂತಿದ್ದೇನೆ.
– ಓದುಗರೊಬ್ಬರು, ತುಮಕೂರು

ಉತ್ತರ: ಮೊದಲು ದುಬೈ ವಿಷಯ ಹೇಳಿಬಿಡುತ್ತೇನೆ. ಕಳಿಸಬೇಡಿ. ಯುಎಇಯಲ್ಲಿ ಗಸಗಸೆ ನಿಷೇಧಿತ ವಸ್ತು. ನಮ್ಮ ಕಿರಾಣಿ ಅಂಗಡಿಯಲ್ಲಿ ಸಿಗುತ್ತದೆ ಅಂದರೆ ಅಲ್ಲಿಯವರು ಕೇಳುವುದಿಲ್ಲ. ಯಜಮಾನರು ರಜೆಗೆ ಬಂದಾಗ ಇಲ್ಲೇ ಪಾಯಸ ಮಾಡಿ ಬಡಿಸಿ.

ಇಷ್ಟು ಕಟ್ಟುನಿಟ್ಟು ಯಾಕೆಂದರೆ, ಗಸಗಸೆಯೂ ಅಫೀಮೂ ಒಂದೇ ಗಿಡದ್ದು. ಹಸಿರು ಕಾಯಿಯನ್ನು ಗೀರಿದರೆ ಒಸರುವ ಹಾಲು ಗಟ್ಟಿಯಾದರೆ ಅಫೀಮು. ಕಾಯಿ ಬಲಿತು ಒಣಗಿದ ಮೇಲೆ ಒಳಗೆ ಸಿಗುವ ಬೀಜ ಗಸಗಸೆ. ಮಧ್ಯಪ್ರದೇಶದ ನೀಮಚ್, ಮಂದ್ಸೌರ್ ಕಡೆ ಸರ್ಕಾರದ ಪರವಾನಗಿ ಪಡೆದವರು ಇದನ್ನು ಬೆಳೆಯುತ್ತಾರೆ. ಆ ಹಾಲಿನಲ್ಲಿ ಮಾರ್ಫಿನ್ ಇದೆ, ಕೊಡೀನ್ ಇದೆ. ನೋವು ತಗ್ಗಿಸಿ ಮಂಪರು ತರುವುದು ಇವೇ. ಜಾಸ್ತಿಯಾದರೆ ಉಸಿರನ್ನೇ ನಿಧಾನ ಮಾಡುತ್ತವೆ. 1848ರಲ್ಲಿ ಜರ್ಮನಿಯಲ್ಲಿ ಇದೇ ಅಫೀಮಿನಿಂದ ಪಪಾವರಿನ್ ಅನ್ನುವುದನ್ನೂ ಬೇರ್ಪಡಿಸಿದರು. ಕರುಳಿನ, ರಕ್ತನಾಳದ ಗೋಡೆಯಲ್ಲಿರುವ ಸ್ನಾಯು ಸಡಿಲಿಸುವುದು ಅದರ ಕೆಲಸ. ಹೊಟ್ಟೆ ಹಿಂಡಿದಾಗ ಡಾಕ್ಟರ್ ಬರೆಯುವ ಡ್ರೋಟಾವೆರಿನ್ ಮಾತ್ರೆ ಇದರದೇ ಸಂಬಂಧಿ. ಫಾರ್ಮಸಿ ಕಾಲೇಜಿನಲ್ಲಿ ಈ ಪಾಠ ಮಾಡುವುದೆಂದರೆ ನನಗೆ ಬಹಳ ಇಷ್ಟವಿತ್ತು.

ಬೀಜದೊಳಗೆ ಇವೆಲ್ಲ ಇಲ್ಲವೆನ್ನುವಷ್ಟು ಕಡಿಮೆ. ಕೊಯ್ಲಿನಲ್ಲಿ ಮೇಲೆ ಅಂಟಿಕೊಂಡದ್ದು ಮಾತ್ರ ಇರುತ್ತದೆ. ತೊಳೆದು ಹುರಿದರೆ ಅದೂ ಇಳಿಯುತ್ತದೆ. ಹೊಟ್ಟೆ ತುಂಬ ಹಬ್ಬದ ಊಟ, ಅದರ ಮೇಲೆ ಬೆಲ್ಲ, ಕಾಯಿ ಹಾಕಿದ ಪಾಯಸ. ಕಣ್ಣು ಎಳೆಯಲು ಅದೂ ಕಾರಣ ಅಲ್ವಾ? ಆದರೆ ಯಾವ ಪೊಟ್ಟಣದಲ್ಲಿ ಎಷ್ಟು ಅಂಟಿದೆ ಅಂತ ಕಣ್ಣಿಗೆ ಕಾಣುವುದಿಲ್ಲ. ನೀವು ಹಾಲೂಡಿಸುವ ತಾಯಿ. ಸದ್ಯಕ್ಕೆ ಬಿಟ್ಟುಬಿಡಿ.

ಈಗ ಜಾಯಿಕಾಯಿ. ನಿಮ್ಮ ಕಾಗದದ ಆ ಸಾಲನ್ನು ನಾನು ಎರಡು ಸಲ ಓದಿದೆ. ನನ್ನ ತವರು ಶಿರಸಿ ಕಡೆ. ಅಡಿಕೆ ತೋಟದಲ್ಲೇ ಜಾಯಿಕಾಯಿ ಮರ ಇತ್ತು. ಬಾಣಂತನಕ್ಕೆ ಹೋದಾಗ ಅಮ್ಮ ಬಜೆ, ಅಳಲೆಕಾಯಿ, ಜಾಯಿಕಾಯಿ ಒಂದೊಂದೇ ಸುತ್ತು ತೇಯ್ದು ನನ್ನ ಮಗಳಿಗೆ ಕೊಡುತ್ತಿದ್ದಳು. ಒಂದು ದಿನ ಮನೆಯಲ್ಲಿ ಅಜ್ಜನ ಶ್ರಾದ್ಧ. ಮಗು ರಗಳೆ ಮಾಡಿತು ಅಂತ ಯಾರೋ ಜಾಯಿಕಾಯಿ ಇನ್ನೂ ನಾಲ್ಕು ಸುತ್ತು ತೇಯ್ದು ಕೊಟ್ಟರು. ಮಧ್ಯಾಹ್ನ ಹಾಲಿಗೂ ಏಳಲಿಲ್ಲ. ಅಂಗಾಲು ತಟ್ಟಿದೆ. ಒದ್ದೆ ಬಟ್ಟೆಯಲ್ಲಿ ಮುಖ ಒರೆಸಿದೆ. ಕೈ ಎತ್ತಿ ಬಿಟ್ಟರೆ ಸುಮ್ನೆ ಬೀಳುತ್ತಿತ್ತು. ಆಸ್ಪತ್ರೆಗೆ ಹೋಗಲು ಜೀಪು ತರಿಸಿ, ಅದು ಅಂಗಳಕ್ಕೆ ಬರುವ ಹೊತ್ತಿಗೆ ಕಣ್ಣು ಬಿಟ್ಟಳು. ಅವಳಿಗೆ ಈಗ ಎರಡು ಮಕ್ಕಳು. ಆ ಮಧ್ಯಾಹ್ನವನ್ನು ನಾನು ಇನ್ನೂ ಮರೆತಿಲ್ಲ.

ಜಾಯಿಕಾಯಿಯ ಎಣ್ಣೆಯಲ್ಲಿ ಮಿರಿಸ್ಟಿಸಿನ್, ಎಲೆಮಿಸಿನ್ ಅನ್ನುವ ಅಂಶಗಳಿವೆ. ದೊಡ್ಡವರಿಗೇ 5 ಗ್ರಾಂ, ಅಂದರೆ ಹೆಚ್ಚುಕಡಿಮೆ ಒಂದು ಕಾಯಿ, ವಿಷವಾಗಬಹುದು. ಬಾಯಿ ಒಣಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಇಲ್ಲದ್ದು ಕಾಣುತ್ತದೆ. ಇದರ ಪ್ರಭಾವ ಏರಲು ಹಲವು ಗಂಟೆ ಬೇಕು. ಮಗು ಇನ್ನೂ ಮಲಗಲಿಲ್ಲ ಅಂತ ಮತ್ತೊಂದು ಸುತ್ತು ಕೊಡುತ್ತೇವೆ. ಮೊದಲಿನದು ಇನ್ನೂ ಏರಿಯೇ ಇರುವುದಿಲ್ಲ. ಇನ್ನು ಸುತ್ತು ಅನ್ನುವುದು ಅಳತೆಯೇ ಅಲ್ಲ. ಕಲ್ಲು ಎಷ್ಟು ಒರಟು, ಕಾಯಿ ಎಷ್ಟು ಹೊಸದು, ಕೈ ಎಷ್ಟು ಒತ್ತಿತು, ಎಲ್ಲಕ್ಕೂ ಬೇರೆ ಬೇರೆ. ಆರು ಕಿಲೋ ಮಗುವಿಗೆ ಈ ಅಂದಾಜು ಸಾಲದು.

ಅತ್ತೆಯವರ ಮೇಲೆ ಕೋಪ ಮಾಡಿಕೊಳ್ಳಬೇಡಿ. ಮೊಮ್ಮಗ ಅಳುವುದನ್ನು ನೋಡಲಾಗದೆ ತೇಯುತ್ತಿದ್ದಾರೆ. ಅವರನ್ನೇ ಮಕ್ಕಳ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ. ಆರು ತಿಂಗಳವರೆಗೆ ಎದೆಹಾಲೊಂದೇ ಸಾಕು ಅಂತ ಡಾಕ್ಟರ್ ಬಾಯಿಂದಲೇ ಕೇಳಲಿ. ರಾತ್ರಿಯ ಅಳುವಿಗೆ ಕಾರಣವನ್ನೂ ಅಲ್ಲೇ ಕೇಳಿ. ಹಾಲು ಕುಡಿದ ಮೇಲೆ ಹೆಗಲಿಗೆ ಹಾಕಿಕೊಂಡು ತೇಗು ಬರಿಸುವ ಕೆಲಸ ಅತ್ತೆಯವರಿಗೇ ಬಿಡಿ.

ಎಬ್ಬಿಸಿದರೂ ಏಳದಿದ್ದರೆ, ಹಾಲು ಚೀಪದಿದ್ದರೆ, ಮೈ ಸಡಿಲ ಬಿದ್ದಿದ್ದರೆ, ಉಸಿರು ನಿಧಾನ ಅನಿಸಿದರೆ ಬೆಳಗಾಗಲಿ ಅಂತ ಕಾಯಬೇಡಿ. ಕೂಡಲೇ ಆಸ್ಪತ್ರೆಗೆ ಹೋಗಿ. ತೇಯ್ದ ಆ ಜಾಯಿಕಾಯಿಯನ್ನೂ ಚೀಲಕ್ಕೆ ಹಾಕಿಕೊಳ್ಳಿ, ಡಾಕ್ಟರ್‌ಗೆ ತೋರಿಸಲು ಬೇಕಾಗುತ್ತದೆ.