ನಾಲ್ಕೇ ಭೇಟಿಯಲ್ಲಿ ಸಂಕ್ಷಿಪ್ತ ಆಪ್ತಸಮಾಲೋಚನೆ: ಪ್ರಕರಣಕ್ಕೆ ಅನ್ವಯಿಸುವುದು ಹೇಗೆ?

ದ್ವಿತೀಯ ಪಿಯು ವಿದ್ಯಾರ್ಥಿನಿ, ಗಣಿತ ಪರೀಕ್ಷೆಯೆಂದರೆ ಕೈ ನಡುಕ, ವಾರಕ್ಕೆರಡು ದಿನ ಕಾಲೇಜಿಗೆ ಚಕ್ಕರ್. ಆಪ್ತಸಮಾಲೋಚಕರಾದ ನಿಮಗೆ ಸಿಗುವುದು ನಾಲ್ಕೇ ಭೇಟಿ ಎಂದುಕೊಳ್ಳಿ. ಇಂಥ ಪ್ರಕರಣಕ್ಕೆ ಪರಿಹಾರ ಕೇಂದ್ರಿತ ಸಂಕ್ಷಿಪ್ತ ಚಿಕಿತ್ಸೆ, ಅಂದರೆ ಸಮಸ್ಯೆಯ ಕಾರಣ ಕೆದಕುವ ಬದಲು ಪರಿಹಾರದತ್ತ ಗಮನ ಕೊಡುವ ಮಾತುಕತೆ, ಚೆನ್ನಾಗಿ ಹೊಂದುತ್ತದೆ. ಸ್ಟೀವ್ ಡಿ ಶೇಜರ್ ಮತ್ತು ಇನ್ಸೂ ಕಿಮ್ ಬರ್ಗ್ ಅಮೆರಿಕದ ಮಿಲ್ವಾಕಿಯಲ್ಲಿ ರೂಪಿಸಿದ ವಿಧಾನವಿದು.

ಮೊದಲು ಗುರಿ. "ಭಯ ಹೋಗಬೇಕು" ಎಂದರೆ ಅಲ್ಲಿಗೇ ನಿಲ್ಲಿಸಬೇಡಿ, "ಭಯದ ಜಾಗದಲ್ಲಿ ಏನಿರುತ್ತೆ?" ಎಂದು ಕೇಳಿ. "ಮೊದಲ ಲೆಕ್ಕ ಬಿಡಿಸೋಕೆ ಪೆನ್ನು ಹಿಡಿತೀನಿ" ಎಂಬಂಥ, ಕಣ್ಣಿಗೆ ಕಾಣುವ ಉತ್ತರ ಬರಬೇಕು.

ನಂತರ ಅಪವಾದಗಳು, ಅಂದರೆ ತೊಂದರೆ ಕಾಡದ ಅಥವಾ ಕಡಿಮೆಯಿದ್ದ ಸಂದರ್ಭಗಳು. ಕಾಲೇಜಿಗೆ ಹೋದ ದಿನಗಳಲ್ಲಿ ಬೇರೆಯೇನಿತ್ತು? ಗೆಳತಿ ಜೊತೆ ಬಸ್ ಹತ್ತಿದ್ದಳೇ? ಹಿಂದಿನ ರಾತ್ರಿ ಬೇಗ ಮಲಗಿದ್ದಳೇ? ಇಡೀ ಕೆಲಸದ ತಿರುಳು ಇಲ್ಲಿದೆ, ಅವಸರ ಬೇಡ.

ಆಮೇಲೆ 0ಯಿಂದ 10ರ ಅಳತೆ: 0 ಎಂದರೆ ತೀರಾ ಕೆಟ್ಟ ಸ್ಥಿತಿ, 10 ಎಂದರೆ ಗುರಿ ಮುಟ್ಟಿದ ಸ್ಥಿತಿ, ಈಗ ಎಲ್ಲಿದ್ದೀಯ ಎಂದು ಕೇಳಿ. ಅವಳು 3 ಎಂದರೆ, "ಯಾಕಿಷ್ಟು ಕಡಿಮೆ?" ಎನ್ನುವುದೇ ಸಾಮಾನ್ಯ ತಪ್ಪು, ಅದು ತಪ್ಪೊಪ್ಪಿಗೆ ಕೇಳಿದಂತಾಗುತ್ತದೆ. "2ರಲ್ಲಿ ನಿಲ್ಲದೆ 3ಕ್ಕೆ ಬಂದದ್ದು ಹೇಗೆ? 4 ಆದರೆ ಅಮ್ಮನಿಗೆ ಏನು ನೋಡಿ ಗೊತ್ತಾಗುತ್ತೆ?" ಎಂದು ಕೇಳಿ. ಕೊನೆಗೆ ಅವಳು ಮಾಡಿದ್ದನ್ನೇ ಹೆಸರಿಸಿ ಮೆಚ್ಚಿ, ಒಂದೇ ಚಿಕ್ಕ ಕೆಲಸ ಕೊಡಿ. ಮುಂದಿನ ಭೇಟಿ "ಏನು ಸುಧಾರಿಸಿದೆ?" ಎಂದೇ ಶುರುವಾಗಲಿ.

ನೋವು ಹೇಳಿಕೊಳ್ಳುವ ಮೊದಲೇ ಪರಿಹಾರಕ್ಕೆ ಎಳೆದರೆ ಹುಡುಗಿ ಬಾಯಿ ಮುಚ್ಚಿಬಿಡುತ್ತಾಳೆ. ಸಾಯುವ ಯೋಚನೆ ಬರುತ್ತದೆಯೇ ಎಂದು ಮೊದಲ ದಿನವೇ ನೇರವಾಗಿ ಕೇಳಿ. ಹೌದೆಂದರೆ ಈ ವಿಧಾನ ಬದಿಗಿರಲಿ, ಒಂಟಿಯಾಗಿ ಬಿಡದೆ ಮನೋವೈದ್ಯರ ಬಳಿ ಕಳುಹಿಸಿ. ಸರ್ಕಾರದ ಉಚಿತ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416 ದಿನದ 24 ಗಂಟೆಯೂ ಸಿಗುತ್ತದೆ.